ಆನ್‌ಲೈನ್ ಡೆಲ್ಫಿ: ಎರಡನೇ ಸುತ್ತಿಗೆ ಬಾರದವರನ್ನು ಬಿಟ್ಟು ಒಮ್ಮತ ಎನ್ನಬಹುದೇ?

ಸಂಶೋಧನಾರ್ಥಿ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಸಮುದಾಯ ಆರೋಗ್ಯ ವಿಷಯದಲ್ಲಿ ಪಿಎಚ್‌.ಡಿ. ಅಧ್ಯಯನ ನಡೆಸುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾವು ಕಡಿತಕ್ಕೆ ಸಿಗುವ ಚಿಕಿತ್ಸೆ ಎಷ್ಟರ ಮಟ್ಟಿಗೆ ಫಲ ಕೊಟ್ಟಿದೆ ಎಂದು ಅಳೆಯುವಾಗ ಯಾವ ಫಲಿತಾಂಶಗಳನ್ನು ತಪ್ಪದೆ ದಾಖಲಿಸಬೇಕು ಎಂಬುದರ ಬಗ್ಗೆ ಸಂಬಂಧಪಟ್ಟವರೆಲ್ಲರನ್ನೂ ಕೇಳಿ ಒಂದು ಚಿಕ್ಕ ಪಟ್ಟಿಗೆ ಬರುವುದು ನನ್ನ ಉದ್ದೇಶ. ಚಿಕಿತ್ಸಾ ಪ್ರಯೋಗಗಳಿಗೆಂದು ಜಾಗತಿಕ ಮಟ್ಟದ ಇಂಥ ಪಟ್ಟಿಯೊಂದು 2023ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದಿದೆ. ಆದರೆ ನಮ್ಮಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತವು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿದೆ. ಹಾಗೆ ವರದಿಯಾಗುವ ರೋಗಿಗಳಲ್ಲಿ ಬದುಕಿದವರೆಷ್ಟು, ತೀರಿಕೊಂಡವರೆಷ್ಟು ಎಂಬುದರ ಆಚೆಗೆ ಏನನ್ನು ನೋಡಬೇಕು ಎಂಬ ಪ್ರಶ್ನೆ ದಿನನಿತ್ಯದ ಆಸ್ಪತ್ರೆಯ ದಾಖಲೆಗೆ ಸೇರಿದ್ದು, ಪ್ರಯೋಗಗಳಿಗೆ ಸೇರಿದ್ದಲ್ಲ.

ನಾಲ್ಕು ಗುಂಪುಗಳನ್ನು ಸೇರಿಸಿಕೊಳ್ಳುವ ಯೋಚನೆಯಿದೆ: ತುರ್ತು ಚಿಕಿತ್ಸೆ ಮತ್ತು ಮೆಡಿಸಿನ್ ವಿಭಾಗದ ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಹಾವು ಕಚ್ಚಿ ಬದುಕಿ ಉಳಿದವರು ಹಾಗೂ ಅವರ ಮನೆಯವರು. ಎಲ್ಲರನ್ನೂ ಒಂದೆಡೆ ಸೇರಿಸುವುದು ಸಾಧ್ಯವಿಲ್ಲದ ಕಾರಣ ಆನ್‌ಲೈನ್‌ನಲ್ಲಿ ಎರಡು ಸುತ್ತಿನ ಡೆಲ್ಫಿ (ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯದಂತೆ ಅಂಕ ಪಡೆದು, ಗುಂಪಿನ ಉತ್ತರ ತೋರಿಸಿ ಮತ್ತೆ ಅಂಕ ಕೇಳುವ ಸಮೀಕ್ಷೆ) ನಡೆಸಿ, ಕೊನೆಗೆ ವಿಡಿಯೊ ಸಭೆಯೊಂದನ್ನು ಮಾಡಬೇಕೆಂದಿದ್ದೇನೆ. ಪ್ರತಿ ಫಲಿತಾಂಶಕ್ಕೂ 1ರಿಂದ 9ರವರೆಗೆ ಅಂಕ, 9 ಎಂದರೆ ಅತಿ ಮುಖ್ಯ. ಶೇ. 70 ಅಥವಾ ಹೆಚ್ಚು ಮಂದಿ 7ರಿಂದ 9ರ ಅಂಕ ಕೊಟ್ಟು, 1ರಿಂದ 3 ಕೊಟ್ಟವರು ಶೇ. 15ಕ್ಕಿಂತ ಕಡಿಮೆಯಿದ್ದರೆ ಅದು ಪಟ್ಟಿಗೆ ಸೇರುತ್ತದೆ.

ನನ್ನ ಗೊಂದಲ ಇಷ್ಟೇ. ಮೊದಲ ಸುತ್ತಿಗೆ ಉತ್ತರಿಸಿದವರಲ್ಲಿ ಹಲವರು ಎರಡನೇ ಸುತ್ತಿಗೆ ಬರುವುದಿಲ್ಲ ಎಂದು ಓದಿದ ಪ್ರತಿ ಲೇಖನವೂ ಹೇಳುತ್ತದೆ. ಶೇ. 70ನ್ನು ಯಾರ ನಡುವೆ ಲೆಕ್ಕ ಹಾಕಬೇಕು? ಉಳಿದವರ ನಡುವೆ ಮಾತ್ರ ಹಾಕಿದರೆ ಬಂದ ಒಮ್ಮತವನ್ನು ಒಮ್ಮತ ಎನ್ನಬಹುದೇ?

ಸಂಖ್ಯಾಶಾಸ್ತ್ರಿ

ಎಲ್ಲರೂ ಕೊನೆಯ ಸಾಲಿನಲ್ಲಿ 'ಮಿತಿಗಳು' ಎಂದು ಬರೆದು ಮುಗಿಸುವ ಪ್ರಶ್ನೆಯನ್ನು ನೀವು ಮೊದಲಿಗೇ ಎತ್ತಿದ್ದೀರಿ. ಒಂದು ಕಲ್ಪಿತ ಲೆಕ್ಕ ಇಡುತ್ತೇನೆ.

'ಕಚ್ಚಿದ ಕೈ ಅಥವಾ ಕಾಲಿನಲ್ಲಿ ಮೂರು ತಿಂಗಳ ನಂತರ ಇರುವ ಶಕ್ತಿ' ಎಂಬ ಫಲಿತಾಂಶಕ್ಕೆ ಮೊದಲ ಸುತ್ತಿನಲ್ಲಿ 60 ಜನ ಅಂಕ ಕೊಟ್ಟರು ಎಂದುಕೊಳ್ಳಿ. ಅವರಲ್ಲಿ 36 ಜನರದ್ದು 7ರಿಂದ 9, 14 ಜನರದ್ದು 4ರಿಂದ 6, ಉಳಿದ 10 ಜನರದ್ದು 1ರಿಂದ 3. ಅಂದರೆ ಪರವಾಗಿ ಶೇ. 60, ವಿರುದ್ಧವಾಗಿ ಶೇ. 16.7. ನಿಮ್ಮ ಎರಡೂ ಷರತ್ತುಗಳು ಬಿದ್ದುಹೋದವು. ಎರಡನೇ ಸುತ್ತಿಗೆ 18 ಜನ ಬರಲಿಲ್ಲ. ಹೆಚ್ಚು ಅಂಕ ಕೊಟ್ಟವರಲ್ಲಿ 4, ನಡುವಿನವರಲ್ಲಿ 6, ಕಡಿಮೆ ಅಂಕ ಕೊಟ್ಟವರಲ್ಲಿ 8 ಮಂದಿ ಬಿಟ್ಟರು. ಬಂದವರಲ್ಲಿ ಒಬ್ಬರೂ ತಮ್ಮ ಅಂಕ ಬದಲಿಸಲಿಲ್ಲ. ಈಗ ಉಳಿದ 42ರಲ್ಲಿ 32 ಜನ ಪರ, ಅಂದರೆ ಶೇ. 76.2. ವಿರುದ್ಧ ಇಬ್ಬರು, ಶೇ. 4.8. ಷರತ್ತು ಎರಡೂ ಪೂರೈಸಿದವು. ಯಾರ ಮನಸ್ಸೂ ಬದಲಾಗದೆ ವರದಿಯಲ್ಲಿ 'ಎರಡನೇ ಸುತ್ತಿನಲ್ಲಿ ಒಮ್ಮತ ಮೂಡಿತು' ಎಂಬ ವಾಕ್ಯ ಸೇರಿಬಿಡುತ್ತದೆ.

ತಮ್ಮ ಅಭಿಪ್ರಾಯ ಗುಂಪಿನ ಬಹುಮತದಿಂದ ದೂರವಿದೆ ಎಂದು ಕಂಡವರೇ ಹೆಚ್ಚಾಗಿ ಬಿಟ್ಟುಹೋಗುತ್ತಾರೆ ಎಂಬ ಆತಂಕವನ್ನು ಈ ವಿಧಾನದ ಬಗ್ಗೆ ಬರೆಯುವವರು ಮೊದಲಿನಿಂದಲೂ ವ್ಯಕ್ತಪಡಿಸಿದ್ದಾರೆ. ಆದುದರಿಂದ ಮಾಡಬೇಕಾದ ಕನಿಷ್ಠ ಕೆಲಸವೆಂದರೆ, ಎರಡೂ ಸುತ್ತಿನಲ್ಲಿ ಉತ್ತರಿಸಿದವರ ಮೊದಲ ಸುತ್ತಿನ ಅಂಕಗಳನ್ನೂ ಬಿಟ್ಟುಹೋದವರ ಮೊದಲ ಸುತ್ತಿನ ಅಂಕಗಳನ್ನೂ ಫಲಿತಾಂಶವಾರು ಮತ್ತು ಗುಂಪುವಾರು ಅಕ್ಕಪಕ್ಕ ಇಟ್ಟು ತೋರಿಸುವುದು. ಎರಡರಲ್ಲಿ ವ್ಯತ್ಯಾಸವಿಲ್ಲದಿದ್ದರೆ ನೆಮ್ಮದಿ. ಇದ್ದರೆ, ಬಿಟ್ಟುಹೋದವರ ಹಳೆಯ ಅಂಕವನ್ನೇ ಮುಂದುವರಿಸಿ ಇನ್ನೊಂದು ಲೆಕ್ಕ ಹಾಕಿ. ಮೇಲಿನ ಉದಾಹರಣೆಯಲ್ಲಿ ಹಾಗೆ ಮಾಡಿದರೆ ಮತ್ತೆ ಶೇ. 60ಕ್ಕೇ ಬರುತ್ತೀರಿ. ಯಾವ ಸಂಖ್ಯೆ ಸರಿ ಎಂಬ ವಾದಕ್ಕಿಂತ, ಎರಡನ್ನೂ ಓದುಗರ ಮುಂದೆ ಇಡುವುದು ಮುಖ್ಯ ಎಂಬುದು ನನ್ನ ನಿಲುವು.

ನಿವೃತ್ತ_ಪ್ರಾಧ್ಯಾಪಕ

ಸಂಖ್ಯಾಶಾಸ್ತ್ರಿಗಳ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಶೇಕಡಾವಾರು ಒಪ್ಪಿಗೆಯನ್ನೇ ಒಮ್ಮತವೆಂದು ಕರೆಯುವ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು.

ಡೆಲ್ಫಿ ಹುಟ್ಟಿದ್ದು 1950ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿ. ನಾರ್ಮನ್ ಡಾಲ್ಕಿ ಮತ್ತು ಓಲಾಫ್ ಹೆಲ್ಮರ್ ಅದರ ಬಗ್ಗೆ ಬರೆದ ಲೇಖನ ಪ್ರಕಟವಾದದ್ದು ತಡವಾಗಿ, 1963ರಲ್ಲಿ, ಏಕೆಂದರೆ ವಿಷಯ ರಹಸ್ಯದ್ದಾಗಿತ್ತು. ಅಮೆರಿಕದ ಯುದ್ಧಸಾಮಗ್ರಿ ಉತ್ಪಾದನೆಯನ್ನು ನಿಗದಿತ ಮಟ್ಟಕ್ಕೆ ಇಳಿಸಲು ಸೋವಿಯತ್ ದೃಷ್ಟಿಯಲ್ಲಿ ಎಷ್ಟು ಅಣುಬಾಂಬುಗಳು ಬೇಕಾದಾವು ಎಂದು ಏಳು ತಜ್ಞರನ್ನು ಬೇರೆಬೇರೆಯಾಗಿ, ಸುತ್ತುಸುತ್ತಾಗಿ ಕೇಳಿದ್ದರು. ಅಲ್ಲಿ ಕೇಳಿದ್ದು ಅಂದಾಜು, ಮೌಲ್ಯವಲ್ಲ. 'ಎಷ್ಟು ಬಾಂಬು' ಎಂಬುದಕ್ಕೆ ತಾತ್ವಿಕವಾಗಿಯಾದರೂ ಒಂದು ಸರಿಯುತ್ತರ ಇರುತ್ತದೆ. 'ಹಾವು ಕಚ್ಚಿದವರಿಗೆ ಮುಖ್ಯವಾದುದೇನು' ಎಂಬುದಕ್ಕೆ ಹಾಗಿಲ್ಲ. ಕೃಷಿ ಕೂಲಿಗೆ ಹೋಗುವವರು ಮತ್ತು ತೀವ್ರ ನಿಗಾ ಘಟಕದ ವೈದ್ಯರು ಬೇರೆಬೇರೆ ಉತ್ತರ ಕೊಟ್ಟರೆ ಅವರಲ್ಲಿ ಯಾರೂ ತಪ್ಪಲ್ಲ. ಆ ಭಿನ್ನತೆಯನ್ನು ಸುತ್ತುಗಳ ಮೂಲಕ ಕರಗಿಸುವುದೇ ಗುರಿಯಾದರೆ, ನಮಗೆ ಬೇಕಾದ ಮಾಹಿತಿಯನ್ನೇ ನಾವು ಅಳಿಸಿಹಾಕುತ್ತೇವೆ. ಈ ವಿಧಾನದ ಮೇಲೆ ಬಂದ ಅತ್ಯಂತ ಕಟುವಾದ ಟೀಕೆಗಳಲ್ಲೊಂದು 1974ರಲ್ಲಿ ಅದೇ ರ‍್ಯಾಂಡ್ ಸಂಸ್ಥೆಯ ಹೆರಾಲ್ಡ್ ಸ್ಯಾಕ್‌ಮನ್ ಅವರಿಂದ ಬಂದದ್ದು ಎಂಬುದನ್ನು ನಮ್ಮ ಪಠ್ಯಗಳು ಹೇಳುವುದೇ ಇಲ್ಲ.

ಒಮ್ಮತವನ್ನು ಅಳೆಯಲು ಬೇರೆ ದಾರಿಗಳೂ ಇವೆ. ರ‍್ಯಾಂಡ್ ಮತ್ತು ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಸೇರಿ 1980ರ ದಶಕದಲ್ಲಿ ರೂಪಿಸಿದ, ಚಿಕಿತ್ಸೆಯೊಂದು ಸೂಕ್ತವೇ ಎಂದು ತಜ್ಞರು ಅಂಕ ಕೊಡುವ ಸೂಕ್ತತಾ ವಿಧಾನದಲ್ಲೂ ಅಂಕಮಾನ 1ರಿಂದ 9ರವರೆಗೆ. ಆದರೆ ಅಲ್ಲಿ ಮಧ್ಯಾಂಕ (ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಅಂಕ) ನೋಡುವುದರ ಜೊತೆಗೆ 'ಭಿನ್ನಮತ'ಕ್ಕೆ ಪ್ರತ್ಯೇಕ ನಿಯಮವಿದೆ. ಒಂಬತ್ತು ಜನರ ಸಮಿತಿಯಲ್ಲಿ ಮೂವರು ಅಥವಾ ಹೆಚ್ಚು ಜನ ಕೆಳತುದಿಯಲ್ಲಿಯೂ, ಮೂವರು ಅಥವಾ ಹೆಚ್ಚು ಜನ ಮೇಲುತುದಿಯಲ್ಲಿಯೂ ನಿಂತರೆ ಮಧ್ಯಾಂಕ ಏನೇ ಹೇಳಲಿ, ಅದನ್ನು ಅನಿಶ್ಚಿತವೆಂದೇ ಬರೆಯಬೇಕು. ಭಿನ್ನಮತವನ್ನೂ ಒಂದು ಫಲಿತವೆಂದು ಒಪ್ಪಿಕೊಂಡ ಆ ನಿಲುವು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ.

ಆಶಾ_ಸುಗಮಕಾರ್ತಿ

ಇಲ್ಲಿ ನಡೆಯುತ್ತಿರುವ ಚರ್ಚೆಯನ್ನು ಓದಿ, ಬಿಟ್ಟುಹೋಗುವವರೆಲ್ಲ ಭಿನ್ನಾಭಿಪ್ರಾಯದಿಂದಲೇ ಹೋಗುತ್ತಾರೆ ಎಂದು ತಿಳಿಯಬಾರದು ಎಂದು ಹೇಳುವ ಅಗತ್ಯ ಕಂಡಿತು. ನಮ್ಮ ತಾಲ್ಲೂಕಿನಲ್ಲಿ ಇಂಥ ಸಮೀಕ್ಷೆಯೊಂದರ ಲಿಂಕ್ ಬಂದಾಗ ಆಶಾ ಕಾರ್ಯಕರ್ತೆಯೊಬ್ಬರ ಪಕ್ಕದಲ್ಲಿ ಕುಳಿತು ಅವರು ತುಂಬುವುದನ್ನು ನೋಡಿದ್ದೆ. ಫೋನಿನ ಪರದೆ ಚಿಕ್ಕದು. ಅಂಕಗಳನ್ನು ಅಡ್ಡಸಾಲಿನಲ್ಲಿ ಇಟ್ಟಿದ್ದರು. ಪರದೆಯ ಮೇಲೆ ಕಾಣುತ್ತಿದ್ದದ್ದು 1ರಿಂದ 6ರವರೆಗಿನ ಗುಂಡಿಗಳು ಮಾತ್ರ. 7, 8, 9 ಬೇಕಾದರೆ ಬೆರಳಿನಿಂದ ಎಡಕ್ಕೆ ಸರಿಸಬೇಕಿತ್ತು. ಸರಿಸಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಅವರು ಅತಿ ಮುಖ್ಯವೆಂದು ಬಾಯಲ್ಲಿ ಹೇಳುತ್ತಲೇ 6ನ್ನು ಒತ್ತಿ ಮುಂದಕ್ಕೆ ಹೋದರು, ಏಕೆಂದರೆ ಅವರ ಕಣ್ಣಿಗೆ ಕಂಡ ಕೊನೆಯ ಅಂಕ ಅದೇ. ಆ ಅಧ್ಯಯನದ ವರದಿಯಲ್ಲಿ ಆಶಾ ಕಾರ್ಯಕರ್ತೆಯರು ಈ ವಿಷಯಕ್ಕೆ ಮಧ್ಯಮ ಮಹತ್ವ ಕೊಟ್ಟರು ಎಂದು ಬಂದಿದ್ದರೆ ಆಶ್ಚರ್ಯವಿಲ್ಲ.

ಎರಡನೆಯದು, 'ಇತರೆ ಅಭಿಪ್ರಾಯ' ಎಂಬ ಖಾಲಿ ಜಾಗ. ಅಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಎಂದರೆ ಯಾರೂ ಮಾಡುವುದಿಲ್ಲ. ಅವರನ್ನೇ ಧ್ವನಿ ಸಂದೇಶ ಕಳಿಸಿ ಎಂದರೆ ನಾಲ್ಕು ನಿಮಿಷ ಮಾತಾಡುತ್ತಾರೆ, ಅದರಲ್ಲಿ ನಿಮ್ಮ ಪಟ್ಟಿಯಲ್ಲಿ ಇಲ್ಲದ ಸಂಗತಿಗಳು ಬರುತ್ತವೆ. ಆಸ್ಪತ್ರೆಯಿಂದ ಬಂದ ಮೇಲೆ ಕತ್ತಲಲ್ಲಿ ಗದ್ದೆಗೆ ನೀರು ಬಿಡಲು ಹೋಗಲಾಗದ ಭಯ, ಜಿಲ್ಲಾಸ್ಪತ್ರೆಗೆ ಹೋಗಲು ಕಾರಿಗೆ ಮಾಡಿದ ಸಾಲ, ಕೊಳಕುಮಂಡಲ ಕಚ್ಚಿ ಡಯಾಲಿಸಿಸ್ ಆದವರು ಆರು ತಿಂಗಳ ನಂತರವೂ ಕೂಲಿಗೆ ಹೋಗಲಾಗದಿರುವುದು. ಕಚೇರಿಯವರು ನುಡಿ ತಂತ್ರಾಂಶದ ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿ ಅಂಟಿಸಿದ ಉತ್ತರಗಳು ಯುನಿಕೋಡ್ ಫಾರ್ಮ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ನಿಲ್ಲುವುದು ಬೇರೆ ಕಥೆ.

ಸಮಯದ ಬಗ್ಗೆಯೂ ಒಂದು ಮಾತು. ತಿಂಗಳ ಕೊನೆಯಲ್ಲಿ ವರದಿ ಕೊಡುವ ಒತ್ತಡವಿರುತ್ತದೆ, ಪೋಲಿಯೊ ಲಸಿಕೆಯ ವಾರದಲ್ಲಂತೂ ಫೋನ್ ನೋಡಲೂ ಬಿಡುವಿಲ್ಲ. ಆಗ ಎರಡನೇ ಸುತ್ತಿನ ಲಿಂಕ್ ಕಳಿಸಿದರೆ ಬಾರದವರ ಸಂಖ್ಯೆ ಹೆಚ್ಚುತ್ತದೆ. ಅದು ಅವರ ಅಭಿಪ್ರಾಯವಲ್ಲ, ನಿಮ್ಮ ಕ್ಯಾಲೆಂಡರ್.

ಸಂಖ್ಯಾಶಾಸ್ತ್ರಿ

ಆ 6ರ ಗುಂಡಿಯ ಉದಾಹರಣೆಗೆ ಧನ್ಯವಾದ, ಮೇಡಂ. ಕಂಪ್ಯೂಟರ್‌ನಲ್ಲಿ ತುಂಬಿದ ವೈದ್ಯರಿಗೂ ಫೋನ್‌ನಲ್ಲಿ ತುಂಬಿದ ಆಶಾ ಕಾರ್ಯಕರ್ತೆಯರಿಗೂ ಇರುವ ವ್ಯತ್ಯಾಸವನ್ನು ಗುಂಪುಗಳ ನಡುವಿನ ಅಭಿಪ್ರಾಯಭೇದವೆಂದು ಬರೆದುಬಿಡುವ ಅಪಾಯ ಇಲ್ಲಿದೆ. ಅಂಕಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿದರೆ ಇದು ತಪ್ಪುತ್ತದೆ. ಯಾವ ಸಾಧನದಿಂದ ಉತ್ತರ ಬಂತು ಎಂಬುದನ್ನೂ, ಭಾಗವಹಿಸುವವರಿಗೆ ತಿಳಿಸಿ, ದಾಖಲಿಸಿಡಿ.

ಲಿವರ್‌ಪೂಲ್_ಕನ್ನಡಿಗ

ನಾನು ಕೆಲಸ ಮಾಡುವ ಊರಿನಲ್ಲಿಯೇ 2010ರಲ್ಲಿ ಕಾಮೆಟ್ ಎಂಬ ಪ್ರಯತ್ನ ಆರಂಭವಾಯಿತು. ಒಂದು ಕಾಯಿಲೆಯ ಎಲ್ಲ ಪ್ರಯೋಗಗಳೂ ಕನಿಷ್ಠ ಇಂತಿಷ್ಟು ಫಲಿತಾಂಶಗಳನ್ನು ಅಳೆಯಬೇಕು ಎಂಬ ಮೂಲ ಪಟ್ಟಿಗಳನ್ನು ತಯಾರಿಸುವವರು ಅಲ್ಲಿನ ದತ್ತಸಂಚಯದಲ್ಲಿ ತಮ್ಮ ಯೋಜನೆಯನ್ನು ಮೊದಲೇ ನೋಂದಾಯಿಸುತ್ತಾರೆ. ನೀವೂ ನೋಂದಾಯಿಸಿ. ನಿಮ್ಮ 70 ಮತ್ತು 15ರ ನಿಯಮವೂ ಈ ವಲಯದಲ್ಲಿ ಬಹಳ ಬಳಕೆಯಾದದ್ದು. ಆದರೆ ಅದು ಪ್ರಕೃತಿನಿಯಮವೇನಲ್ಲ. ಡೆಲ್ಫಿ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಡೈಮಂಡ್ ಮತ್ತು ಸಂಗಡಿಗರ ವಿಮರ್ಶೆಯಲ್ಲಿ ಶೇಕಡಾವಾರು ಒಪ್ಪಿಗೆಯೇ ಅತಿ ಹೆಚ್ಚು ಬಳಕೆಯ ಅಳತೆಯಾಗಿತ್ತು, ಮಿತಿಯ ಮಧ್ಯಾಂಕ ಶೇ. 75 ಇತ್ತು. ಯಾವ ಮಿತಿಯಾದರೂ ಸರಿ, ಮೊದಲ ಉತ್ತರ ಬರುವ ಮೊದಲೇ ಬರೆದಿಟ್ಟಿರಬೇಕು.

ನನ್ನ ಮುಖ್ಯ ಮಾತು ಹಿಮ್ಮಾಹಿತಿಯ ಬಗ್ಗೆ. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಅವರ ಹಿಂದಿನ ಅಂಕವನ್ನೂ ಗುಂಪಿನ ಅಂಕವನ್ನೂ ತೋರಿಸುತ್ತೀರಿ. ಯಾವ ಗುಂಪಿನದು? ನಾಲ್ಕೂ ಗುಂಪುಗಳನ್ನು ಬೆರೆಸಿ ಒಂದೇ ಸರಾಸರಿ ತೋರಿಸಿದರೆ, ಸಂಖ್ಯೆಯಲ್ಲಿ ಹೆಚ್ಚಿರುವವರ ಧ್ವನಿಯೇ ಎಲ್ಲರ ಧ್ವನಿಯಾಗಿ ಕಾಣುತ್ತದೆ. ವೈದ್ಯರು 40, ಕಚ್ಚಿಸಿಕೊಂಡವರು 10 ಇದ್ದರೆ ಆ ಸರಾಸರಿಯಲ್ಲಿ ಹತ್ತು ಜನ ಮುಳುಗಿಹೋಗುತ್ತಾರೆ. ತಮ್ಮದೇ ಗುಂಪಿನ ಅಂಕ ಮಾತ್ರ ತೋರಿಸಿದರೆ ಇತರರು ಏಕೆ ಬೇರೆಯಾಗಿ ಯೋಚಿಸುತ್ತಾರೆಂಬುದು ತಿಳಿಯುವುದೇ ಇಲ್ಲ. ಪ್ರತಿ ಗುಂಪಿನ ಅಂಕಗಳ ಹಂಚಿಕೆಯನ್ನು ಪ್ರತ್ಯೇಕ ಕಂಬಚಿತ್ರಗಳಲ್ಲಿ ತೋರಿಸುವುದು ಮೂರನೆಯ ದಾರಿ. 2016ರಲ್ಲಿ ಟ್ರಯಲ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಡೆಲ್ಫಿಯ ಒಳಗೇ ಭಾಗವಹಿಸಿದವರನ್ನು ಯಾದೃಚ್ಛಿಕವಾಗಿ ವಿಂಗಡಿಸಿ, ತಮ್ಮ ಗುಂಪಿನ ಹಿಮ್ಮಾಹಿತಿಗೂ ಎಲ್ಲ ಗುಂಪುಗಳ ಹಿಮ್ಮಾಹಿತಿಗೂ ಇರುವ ವ್ಯತ್ಯಾಸವನ್ನು ಪರೀಕ್ಷಿಸಿತ್ತು. ಎಲ್ಲ ಗುಂಪುಗಳದ್ದನ್ನೂ ಪ್ರತ್ಯೇಕವಾಗಿ ತೋರಿಸುವುದರತ್ತ ನನ್ನ ಒಲವಿದೆ. ಅದರ ಜೊತೆಗೆ ಅಂಕಗಳ ಹಿಂದಿನ ಕಾರಣಗಳನ್ನೂ, ಯಾರದೆಂದು ಗುರುತು ಸಿಗದಂತೆ, ಒಂದೆರಡು ಸಾಲಿನಲ್ಲಿ ಕೊಡಿ. ಸಂಖ್ಯೆಯನ್ನು ಮಾತ್ರ ನೋಡಿದವರು ಬಹುಮತದ ಕಡೆಗೆ ಸರಿಯುತ್ತಾರೆ. ಕಾರಣವನ್ನು ಓದಿದವರಿಗೆ ಯೋಚಿಸಲು ಏನಾದರೂ ಸಿಗುತ್ತದೆ.

ಇನ್ನು ವರದಿಯ ವಿಷಯ. 2024ರ ಜನವರಿಯಲ್ಲಿ ಪಿಎಲ್‌ಒಎಸ್ ಮೆಡಿಸಿನ್‌ನಲ್ಲಿ ಬಂದ, ಒಮ್ಮತದ ಅಧ್ಯಯನಗಳನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ ಅಕಾರ್ಡ್ ಎಂಬ ಮಾರ್ಗಸೂಚಿಯಲ್ಲಿ 35 ಅಂಶಗಳಿವೆ. ಅದನ್ನೂ ಡೆಲ್ಫಿಯ ಮೂಲಕವೇ ರೂಪಿಸಿದ್ದಾರೆ. ಬರೆಯುವಾಗಲ್ಲ, ಯೋಜನೆ ಮಾಡುವಾಗಲೇ ಅದನ್ನು ಮುಂದಿಟ್ಟುಕೊಳ್ಳಿ, ಏಕೆಂದರೆ ಪ್ರತಿ ಸುತ್ತಿನಲ್ಲಿ ಎಷ್ಟು ಜನರಿಗೆ ಆಹ್ವಾನ ಹೋಯಿತು, ಎಷ್ಟು ಜನ ಉತ್ತರಿಸಿದರು ಎಂಬಂಥ ವಿವರಗಳನ್ನು ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಹೊಸಬ_ಎಂಡಿ

ಇಷ್ಟೊಂದು ಜಟಿಲಗೊಳಿಸುವ ಅಗತ್ಯವಿದೆಯೇ? ಗೂಗಲ್ ಫಾರ್ಮ್ ಮಾಡಿ, ತಾಲ್ಲೂಕಿನ ವಾಟ್ಸ್‌ಆಪ್ ಗುಂಪಿಗೆ ಹಾಕಿ, ಉತ್ತರ ಬಂದ ಮೇಲೆ ಶೇಕಡಾ ತೆಗೆದು ಮತ್ತೆ ಅದೇ ಗುಂಪಿಗೆ ಹಾಕಿದರೆ ಡೆಲ್ಫಿ ಆಗುವುದಿಲ್ಲವೇ? ನಮ್ಮ ಪ್ರಬಂಧಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ.

ನಿವೃತ್ತ_ಪ್ರಾಧ್ಯಾಪಕ

ಆಗುವುದಿಲ್ಲ. ಗೂಗಲ್ ಫಾರ್ಮ್ ಬಳಸುವುದರಲ್ಲಿ ತಪ್ಪೇನಿಲ್ಲ. ಆದರೆ ಯಾರು ಯಾವ ಅಂಕ ಕೊಟ್ಟರೆಂದು ನಿಮಗೆ ಗೊತ್ತಿಲ್ಲದಿದ್ದರೆ ಎರಡನೇ ಸುತ್ತಿನಲ್ಲಿ ಅವರವರ ಅಂಕವನ್ನು ಅವರವರಿಗೆ ತೋರಿಸಲಾರಿರಿ, ಬಿಟ್ಟುಹೋದವರು ಯಾರೆಂದೂ ತಿಳಿಯಲಾರಿರಿ. ಸಂಘಟಕರಿಗೆ ಗೊತ್ತಿರಬೇಕು, ಭಾಗವಹಿಸುವವರಿಗೆ ಒಬ್ಬರದ್ದೊಬ್ಬರಿಗೆ ಗೊತ್ತಿರಬಾರದು. ವಾಟ್ಸ್‌ಆಪ್ ಗುಂಪಿನಲ್ಲಿ ಇದು ತಲೆಕೆಳಗಾಗುತ್ತದೆ. ಲಿಂಕ್ ಬಂದ ಕೂಡಲೇ ಜಿಲ್ಲಾ ಅಧಿಕಾರಿಗಳೊಬ್ಬರು 'ಉತ್ತಮ ಪಟ್ಟಿ, ಮೂರನೆಯದು ಅತಿ ಮುಖ್ಯ' ಎಂದು ಬರೆದರೆ ಅಲ್ಲಿಗೆ ಡೆಲ್ಫಿ ಮುಗಿಯಿತು. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಿಂಕ್ ಕೊಡುವ ತಂತ್ರಾಂಶ ಬಳಸಿ. ಲಿವರ್‌ಪೂಲ್‌ನವರದೇ ಡೆಲ್ಫಿಮ್ಯಾನೇಜರ್ ಇದೆ. ಅದು ಆಗದಿದ್ದರೆ ಸಂಕೇತ ಸಂಖ್ಯೆಗಳೊಡನೆ ರೆಡ್‌ಕ್ಯಾಪ್ ಎಂಬ ಸಮೀಕ್ಷಾ ತಂತ್ರಾಂಶದಲ್ಲಿಯೂ ಮಾಡಬಹುದು.

ಸಂಶೋಧನಾರ್ಥಿ_ಶಿವಮೊಗ್ಗ

ಎಲ್ಲರ ಉತ್ತರಗಳೂ ಬಹಳ ಉಪಯುಕ್ತವಾಗಿವೆ. ಕೊನೆಯ ವಿಡಿಯೊ ಸಭೆಯ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕು ಗುಂಪುಗಳನ್ನೂ ಒಂದೇ ಸಭೆಗೆ ಕರೆಯಲೇ, ಅಥವಾ ಹಾವು ಕಚ್ಚಿ ಬದುಕಿದವರ ಸಭೆಯನ್ನು ಪ್ರತ್ಯೇಕವಾಗಿ ನಡೆಸಲೇ?

ಲಿವರ್‌ಪೂಲ್_ಕನ್ನಡಿಗ

ಮೊದಲು ಪ್ರತ್ಯೇಕವಾಗಿ, ಆಮೇಲೆ ಒಟ್ಟಿಗೆ. ಪ್ರತ್ಯೇಕ ಸಭೆಯು ಒಮ್ಮತಕ್ಕಲ್ಲ, ತಯಾರಿಗೆ. ಪಟ್ಟಿಯಲ್ಲಿರುವ ಪ್ರತಿಯೊಂದರ ಅರ್ಥವೇನು, ಸಭೆಯಲ್ಲಿ ಏನು ನಡೆಯುತ್ತದೆ, ಮೈಕ್ ಹೇಗೆ ಒತ್ತಬೇಕು ಎಂಬುದನ್ನು ಅಲ್ಲಿ ತಿಳಿಸಿಕೊಡಬೇಕು. ಒಟ್ಟು ಸಭೆಯಲ್ಲಿ ನಾಮಿನಲ್ ಗ್ರೂಪ್ ವಿಧಾನದ ಹಂತಗಳನ್ನೇ ಅನುಸರಿಸಿ. ಡೆಲ್ಬೆಕ್ ಮತ್ತು ವ್ಯಾನ್ ಡಿ ವೆನ್ 1971ರಲ್ಲಿ ಅದನ್ನು ಮುಂದಿಟ್ಟಾಗ ಇದ್ದ ಕ್ರಮ ಇಂದಿಗೂ ಹಳತಾಗಿಲ್ಲ: ಮೊದಲು ಎಲ್ಲರೂ ಮೌನವಾಗಿ ಬರೆದುಕೊಳ್ಳುವುದು, ಆಮೇಲೆ ಸರದಿಯ ಪ್ರಕಾರ ಒಬ್ಬೊಬ್ಬರು ಒಂದೊಂದು ಅಂಶ ಹೇಳುವುದು, ಅನಂತರ ಸ್ಪಷ್ಟೀಕರಣ, ಕೊನೆಗೆ ಗುಪ್ತವಾಗಿ ಅಂಕ ಹಾಕುವುದು. ಕೋಣೆಯಲ್ಲಿ ಮೌನವಾಗಿ ಬರೆಯಿರಿ ಎಂದರೆ ಬರೆಯುತ್ತಾರೆ. ವಿಡಿಯೊದಲ್ಲಿ ಹಾಗೆಂದರೆ ಕ್ಯಾಮೆರಾ ಮುಚ್ಚಿ ಬೇರೆ ಕೆಲಸಕ್ಕೆ ಹೋಗುತ್ತಾರೆ. ಆದುದರಿಂದ ಆ ಹಂತವನ್ನು ಸಭೆಗೆ ಮೊದಲೇ, ಫೋನಿನಲ್ಲಿ ಕೇಳಿ ಬರೆದುಕೊಳ್ಳುವ ಮೂಲಕ ಮುಗಿಸುವುದು ಒಳ್ಳೆಯದು.

ಸರದಿಯನ್ನು ಕಚ್ಚಿಸಿಕೊಂಡವರಿಂದಲೇ ಆರಂಭಿಸಿ. ಪ್ರಾಧ್ಯಾಪಕರು ಮೊದಲು ಮಾತಾಡಿದರೆ ಉಳಿದವರ ಪಾಲಿಗೆ 'ಸರ್ ಹೇಳಿದ್ದೇ ಸರಿ' ಎಂಬುದಷ್ಟೇ ಉಳಿಯುತ್ತದೆ. ಅಂಕ ಹಾಕುವಾಗ ಎಲ್ಲರಿಗೂ ಕಾಣುವ ಚಾಟ್‌ನಲ್ಲಿ ಬರೆಸಬೇಡಿ, ಕೈ ಎತ್ತಿಸಬೇಡಿ. ಬ್ರಿಟನ್‌ನಲ್ಲಿ 2004ರಿಂದ ರೋಗಿಗಳನ್ನೂ ವೈದ್ಯರನ್ನೂ ಸೇರಿಸಿ ಸಂಶೋಧನೆಯ ಆದ್ಯತೆಗಳನ್ನು ಗೊತ್ತುಮಾಡುತ್ತಿರುವ ಜೇಮ್ಸ್ ಲಿಂಡ್ ಅಲಯನ್ಸ್‌ನ ಕಾರ್ಯಾಗಾರಗಳು 2020ರಲ್ಲಿ ಕೋವಿಡ್ ಕಾರಣದಿಂದ ಆನ್‌ಲೈನ್‌ಗೆ ಬಂದವು. ಮೇಜಿನ ಮೇಲೆ ಹರಡಿದ ಕಾರ್ಡುಗಳನ್ನು ಎಲ್ಲರೂ ಸೇರಿ ಮೇಲೆ ಕೆಳಗೆ ಸರಿಸುತ್ತಿದ್ದ ಕೆಲಸ ಆಗ ನಿರ್ವಾಹಕರ ಪರದೆಯ ಮೇಲಿನ ಕೆಲಸವಾಯಿತು. ಮೇಜಿನ ಬಳಿ ಒಬ್ಬರು ಕಾರ್ಡಿಗೆ ಕೈ ಹಾಕಿದರೆ ಇನ್ನೊಬ್ಬರು ತಡೆಯುತ್ತಾರೆ. ಪರದೆಯ ಮೇಲೆ ಮೌಸ್ ಇರುವುದು ಒಬ್ಬರ ಕೈಯಲ್ಲಿ. ಆ ಒಬ್ಬರು ಪ್ರತಿ ಬಾರಿ ಸರಿಸುವ ಮುನ್ನ 'ಇದನ್ನು ಕೆಳಕ್ಕೆ ತರುತ್ತಿದ್ದೇನೆ, ಆಕ್ಷೇಪವಿದೆಯೇ' ಎಂದು ಹೆಸರು ಹಿಡಿದು ಕೇಳಬೇಕು, ಉತ್ತರಕ್ಕೆ ಕಾಯಬೇಕು. ವಿಡಿಯೊ ಸಭೆಯಲ್ಲಿ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಬಹಳ ಸುಲಭ, ಆ ಮೌನದಲ್ಲಿ ಅರ್ಧ ನೆಟ್‌ವರ್ಕ್ ಹೋದವರದ್ದಾಗಿರುತ್ತದೆ. ಹಾಗೆ ಸಂಪರ್ಕ ಕಡಿದುಹೋದವರಿಗೆ ಫೋನ್ ಮಾಡಿ ಅಂಕ ಪಡೆಯಲು ಇನ್ನೊಬ್ಬರು ಸಿದ್ಧರಿರಬೇಕು.

ನಿವೃತ್ತ_ಪ್ರಾಧ್ಯಾಪಕ

ಇಲ್ಲಿ ನನ್ನದೊಂದು ತಕರಾರು ಇದೆ. ಆನ್‌ಲೈನ್ ಸಭೆಯು ನೇರ ಸಭೆಗೆ ಬದಲಿ ಎಂದು ನಾವು ಬಹಳ ಸುಲಭವಾಗಿ ಒಪ್ಪಿಕೊಳ್ಳುತ್ತಿದ್ದೇವೆ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೋವಿಡ್ ಒಮ್ಮತದ ವರದಿಯಲ್ಲಿ 112 ದೇಶ ಮತ್ತು ಪ್ರದೇಶಗಳ 386 ತಜ್ಞರಿದ್ದರು. ಅಷ್ಟು ಜನರನ್ನು ಒಂದು ಊರಿಗೆ ಕರೆತರುವ ಮಾತೇ ಇಲ್ಲ, ಅಲ್ಲಿ ಆನ್‌ಲೈನ್ ಅನಿವಾರ್ಯ. ಆದರೆ ಶಿವಮೊಗ್ಗ ಜಿಲ್ಲೆಯ ಹತ್ತು ಹನ್ನೆರಡು ಜನ ಕಚ್ಚಿಸಿಕೊಂಡವರನ್ನು ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಒಂದು ಮಧ್ಯಾಹ್ನ ಸೇರಿಸುವುದು ಆಗದ ಕೆಲಸವೇ? ಬಸ್ ಖರ್ಚು, ಊಟ, ಆ ದಿನದ ಕೂಲಿ ಕೊಟ್ಟರೆ ಬರುತ್ತಾರೆ. ವೈದ್ಯರು ಬೇಕಾದರೆ ಪರದೆಯ ಮೇಲೆ ಬರಲಿ. ಪರದೆಯ ಅನನುಕೂಲ ಯಾವಾಗಲೂ ಬಡವರ ಪಾಲಿಗೇ ಏಕೆ ಬರಬೇಕು?

ಆಶಾ_ಸುಗಮಕಾರ್ತಿ

ಮೇಷ್ಟ್ರು ಹೇಳಿದ್ದು ನಿಜ. ಆದರೆ ತೀರ್ಥಹಳ್ಳಿಗೆ ಬರಲಾಗದವರೂ ಇದ್ದಾರೆ. ಬೆರಳು ತೆಗೆಸಿಕೊಂಡವರು, ಮಗುವನ್ನು ಬಿಟ್ಟು ಬರಲಾಗದ ಹೆಂಗಸರು. ಅವರಿಗೆ ಆಯ್ಕೆ ಕೊಡಿ. ಉಪಕೇಂದ್ರದಲ್ಲಿ ನಾಲ್ಕು ಜನ ಸೇರಿ ಒಂದು ಫೋನಿನಿಂದ ಸಭೆಗೆ ಬಂದರೆ ಮಾತಿಗೆ ಧೈರ್ಯವೂ ಇರುತ್ತದೆ. ಅಂಕವನ್ನು ಮಾತ್ರ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ.

ನೀತಿಸಮಿತಿ_ಸದಸ್ಯ

ಚರ್ಚೆಯಲ್ಲಿ ಬಾರದ ಒಂದು ಅಂಶವನ್ನು ಸೇರಿಸುತ್ತೇನೆ. ಡೆಲ್ಫಿಯು ಕೇವಲ ಅಭಿಪ್ರಾಯ ಸಂಗ್ರಹ, ಅದಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಡ ಎಂದುಕೊಂಡು ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯ ಪ್ರಕಾರ ಪರಿಶೀಲನೆಯಿಂದ ವಿನಾಯಿತಿ ಕೊಡುವುದೂ, ಶೀಘ್ರ ಪರಿಶೀಲನೆ ಸಾಕೆಂದು ಹೇಳುವುದೂ ಸಮಿತಿಯ ಕೆಲಸ, ಸಂಶೋಧಕರದ್ದಲ್ಲ. ಹಾವು ಕಚ್ಚಿ ಬದುಕಿದವರು ನಿಮ್ಮಲ್ಲಿ ಭಾಗವಹಿಸುವವರಾಗಿರುವುದರಿಂದ ಅವರ ಆರೋಗ್ಯದ ಅನುಭವ ದಾಖಲಾಗುತ್ತದೆ, ಆ ದೃಷ್ಟಿಯಿಂದಲೂ ಅರ್ಜಿ ಅಗತ್ಯ.

ಆಹ್ವಾನ ಯಾರ ಹೆಸರಿನಲ್ಲಿ ಹೋಗುತ್ತದೆ ಎಂಬುದು ಎರಡನೆಯ ಪ್ರಶ್ನೆ. ತಾಲ್ಲೂಕು ಆರೋಗ್ಯಾಧಿಕಾರಿಗಳ ಮೂಲಕ ಆಶಾ ಕಾರ್ಯಕರ್ತೆಯರಿಗೆ ಲಿಂಕ್ ಕಳಿಸಿದರೆ ಪ್ರತಿಕ್ರಿಯೆಯ ಪ್ರಮಾಣವೇನೋ ಚೆನ್ನಾಗಿರುತ್ತದೆ, ಏಕೆಂದರೆ ಅವರ ಪಾಲಿಗೆ ಅದು ಆಹ್ವಾನವಲ್ಲ, ಆದೇಶ. ಬಿಟ್ಟುಹೋಗುವವರು ಕಡಿಮೆಯಾಗಲಿ ಎಂಬ ಆಸೆಗೆ ಈ ದಾರಿ ಹಿಡಿಯಬೇಡಿ. ಇಲ್ಲಿಯವರೆಗೆ ಎಲ್ಲರೂ ಬಿಟ್ಟುಹೋಗುವುದನ್ನು ತೊಂದರೆಯೆಂದೇ ನೋಡಿದ್ದೀರಿ. ನಮ್ಮ ಸಮಿತಿಯ ದೃಷ್ಟಿಯಲ್ಲಿ ಅದು ಹಕ್ಕು. ಸಮ್ಮತಿ ಪತ್ರದಲ್ಲಿ ಒಂದು ಸಾಲು ಸ್ಪಷ್ಟವಾಗಿರಲಿ: ನಡುವೆ ಬಿಟ್ಟರೆ ನೀವು ಈಗಾಗಲೇ ಕೊಟ್ಟ ಅಂಕಗಳನ್ನು ಬಳಸುತ್ತೇವೆಯೇ, ತೆಗೆದುಹಾಕುತ್ತೇವೆಯೇ? ಸಂಖ್ಯಾಶಾಸ್ತ್ರಿಗಳು ಹೇಳಿದಂತೆ ಹಳೆಯ ಅಂಕವನ್ನು ಮುಂದುವರಿಸುವ ಲೆಕ್ಕ ಹಾಕಬೇಕಾದರೆ ಈ ಅನುಮತಿ ಮೊದಲೇ ಬೇಕು. ಸಂಪೂರ್ಣವಾಗಿ ಹಿಂದೆ ಸರಿಯುತ್ತೇನೆ ಎನ್ನುವವರನ್ನೂ, ಸುಮ್ಮನೆ ಉತ್ತರಿಸದವರನ್ನೂ ಬೇರೆಬೇರೆಯಾಗಿ ಗುರುತಿಸಿ.

ಧ್ವನಿ ಸಂದೇಶ ಪಡೆಯುವುದು ಒಳ್ಳೆಯ ಸಲಹೆಯೇ. ಆದರೆ ಧ್ವನಿಯೇ ವ್ಯಕ್ತಿಯ ಗುರುತು. ಬರಹಕ್ಕೆ ಇಳಿಸಿದ ಮೇಲೆ ಕಡತವನ್ನು ಅಳಿಸುವ ಅವಧಿಯನ್ನು ಬರೆದು ತಿಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ, ಸಹಾಯಕರ ಸ್ವಂತ ಫೋನಿನಲ್ಲಿ ರೋಗಿಗಳ ಸಂದೇಶಗಳು ಉಳಿದಿರುವುದನ್ನು ಯಾವ ಸಮಿತಿಯೂ ಒಪ್ಪಬಾರದು. ಲೇಖನದ ಕೊನೆಯಲ್ಲಿ ಕೃತಜ್ಞತೆಯ ನೆಪದಲ್ಲಿ ಭಾಗವಹಿಸಿದವರ ಹೆಸರು ಹಾಕುವ ಮೊದಲೂ ಒಬ್ಬೊಬ್ಬರನ್ನೂ ಕೇಳಿ. ವೈದ್ಯರು ಹೆಸರು ಬೇಕೆನ್ನುತ್ತಾರೆ, ಇತರರು ಬೇಡವೆನ್ನಬಹುದು.

ಸಂಶೋಧನಾರ್ಥಿ_ಶಿವಮೊಗ್ಗ

ಇಷ್ಟರ ಮೇಲೆ ಯೋಜನೆಯನ್ನು ಹೀಗೆ ತಿದ್ದಿ ಬರೆದಿದ್ದೇನೆ. ಒಮ್ಮತವನ್ನು ಎಲ್ಲರನ್ನೂ ಬೆರೆಸಿ ಲೆಕ್ಕ ಹಾಕುವುದಿಲ್ಲ. ಪ್ರತಿ ಗುಂಪಿನಲ್ಲೂ ಪ್ರತ್ಯೇಕವಾಗಿ 70 ಮತ್ತು 15ರ ನಿಯಮ ಅನ್ವಯಿಸುತ್ತದೆ. ನಾಲ್ಕೂ ಗುಂಪುಗಳು ಒಪ್ಪಿದ್ದು ನೇರವಾಗಿ ಪಟ್ಟಿಗೆ ಸೇರುತ್ತದೆ. ಗುಂಪುಗಳು ಬೇರೆಯಾದದ್ದು ಸಭೆಗೆ ಬರುತ್ತದೆ, ಅಲ್ಲಿಯೂ ಬಗೆಹರಿಯದಿದ್ದರೆ 'ಭಿನ್ನಮತ ಉಳಿದವು' ಎಂಬ ಪ್ರತ್ಯೇಕ ಕೋಷ್ಟಕದಲ್ಲಿ ಕಾರಣಗಳೊಡನೆ ಪ್ರಕಟವಾಗುತ್ತದೆ. ಮೊದಲ ಸುತ್ತಿನಲ್ಲಿ ಉತ್ತರಿಸಿದ ಎಲ್ಲರಿಗೂ ಎರಡನೇ ಸುತ್ತಿನ ಆಹ್ವಾನ ಹೋಗುತ್ತದೆ, ಲಸಿಕೆಯ ವಾರವನ್ನೂ ತಿಂಗಳ ಕೊನೆಯನ್ನೂ ಬಿಟ್ಟು. ಬಾರದವರಿಗೆ ಒಂದು ಫೋನ್ ಕರೆ ಮಾಡಿ, ಒತ್ತಾಯವಿಲ್ಲದೆ, ಕಾರಣ ಕೇಳಲಾಗುತ್ತದೆ: ಬಿಡುವಿರಲಿಲ್ಲವೋ, ಫಾರ್ಮ್ ತೆರೆಯಲಿಲ್ಲವೋ, ಪ್ರಶ್ನೆಗಳು ಒಪ್ಪಿಗೆಯಾಗಲಿಲ್ಲವೋ. ಹಾವು ಕಚ್ಚಿ ಬದುಕಿದವರಿಗೆ ಓದಿ ಹೇಳಿ ಅಂಕ ಪಡೆಯಲು ಫೋನ್ ಸಂದರ್ಶನದ ಆಯ್ಕೆಯಿದೆ. ಅಂಕಗಳು ಮೇಲಿನಿಂದ ಕೆಳಕ್ಕೆ.

ಸಭೆಯನ್ನು ಅರ್ಧ ನೇರವಾಗಿ, ಅರ್ಧ ವಿಡಿಯೊದಲ್ಲಿ ನಡೆಸುವ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಪ್ರಾಧ್ಯಾಪಕರ ಸಲಹೆ ಹಿಡಿಸಿತು, ಆದರೆ ಕೋಣೆಯಲ್ಲಿ ಇರುವವರೂ ಪರದೆಯಲ್ಲಿ ಇರುವವರೂ ಎರಡು ಬಣಗಳಾಗುವ ಭಯವಿದೆ. ಮಾರ್ಗದರ್ಶಕರೊಡನೆ ಮಾತಾಡಿ ತಿಳಿಸುತ್ತೇನೆ.

ಸಂಖ್ಯಾಶಾಸ್ತ್ರಿ

ಯೋಜನೆ ಚೆನ್ನಾಗಿದೆ. ನೋಂದಾಯಿಸುವ ಮೊದಲು ಎರಡು ಸಣ್ಣ ಸಂಗತಿಗಳನ್ನು ಬರೆದಿಡಿ. ನೀವು 'ನನಗೆ ತಿಳಿಯದು' ಎಂಬ ಆಯ್ಕೆ ಕೊಡುವುದಾದರೆ, ಅದನ್ನು ಆರಿಸಿದವರು ಶೇಕಡಾವಾರಿನ ಛೇದದಲ್ಲಿ ಇರುತ್ತಾರೋ ಇಲ್ಲವೋ? 'ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಫಲಿತಾಂಶ' ಎಂಬುದಕ್ಕೆ ಆಶಾ ಕಾರ್ಯಕರ್ತೆಯರಲ್ಲಿ ಅರ್ಧ ಜನ ತಿಳಿಯದು ಎಂದರೆ, ಉಳಿದರ್ಧದ ಮೇಲೆ ಹಾಕಿದ ಶೇಕಡಾವನ್ನು ಆ ಗುಂಪಿನ ಒಪ್ಪಿಗೆ ಎನ್ನುವುದು ಕಷ್ಟ. ನಾನಾದರೆ ಹೀಗೆ ಬರೆಯುತ್ತಿದ್ದೆ: ಒಂದು ಗುಂಪಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ತಿಳಿಯದು ಎಂದರೆ ಆ ಅಂಶದ ಬಗ್ಗೆ ಆ ಗುಂಪಿನ ಅಭಿಪ್ರಾಯವಿಲ್ಲ ಎಂದೇ ದಾಖಲಿಸಲಾಗುವುದು.

ಇನ್ನೊಂದು, 69.6 ಬಂದರೆ ಅದನ್ನು 70 ಎಂದು ಎತ್ತಿಕೊಳ್ಳುತ್ತೀರೋ, ಇಲ್ಲವೋ? ನಿಮ್ಮ ಚಿಕ್ಕ ಗುಂಪಿನಲ್ಲಿ ಹನ್ನೆರಡು ಜನ ಇದ್ದರೆ 8 ಜನರ ಒಪ್ಪಿಗೆ ಶೇ. 66.7, 9 ಜನರದ್ದು ಶೇ. 75. ಅಲ್ಲಿ ಒಬ್ಬರ ಅಂಕವೇ ತೀರ್ಮಾನ ಮಾಡುತ್ತದೆ. ಚಿಕ್ಕ ಗುಂಪುಗಳಿಗೆ ಶೇಕಡಾವಾರಿನ ಬದಲು ಎಷ್ಟು ಜನ ಬೇಕೆಂಬ ಸಂಖ್ಯೆಯನ್ನೇ ಯೋಜನೆಯಲ್ಲಿ ನಮೂದಿಸಿ. ಆ ಎರಡು ಸಾಲುಗಳ ಕರಡನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.